ಇಬ್ಬರು ಕಾಶಮ್ಮಂದಿರ ಪಾತ್ರೆಗಳು ಮತ್ತು ಗುಮಾಸ್ತ ಷಡಕ್ಷರಪ್ಪನವರು

ವಕೀಲಿ ವೃತ್ತಿಯ ಇತಿಹಾಸ ಬರೆಯುವವರು ನ್ಯಾಯಾಧೀಶರನ್ನು ನೆನೆಯುತ್ತಾರೆ, ನ್ಯಾಯವಾದಿಗಳನ್ನು ನೆನೆಯುತ್ತಾರೆ, ಕೋರ್ಟಿನ ಕಟ್ಟಡಕ್ಕೆ ಅಡಿಗಲ್ಲು ಇಟ್ಟ ಮಹನೀಯರನ್ನೂ ಮರೆಯದೆ ನೆನೆಯುತ್ತಾರೆ. ಆದರೆ ಆ ನ್ಯಾಯವಾದಿಯ ವಾದವನ್ನು ದುಂಡನೆಯ ಅಕ್ಷರದಲ್ಲಿ ಇಳಿಸಿ, ಹಾಳೆ ಹೊಲಿದು, ಸ್ಟಾಂಪು ಅಂಟಿಸಿ, ಸರಿಯಾದ ದಿನ ಸರಿಯಾದ ಮೇಜಿನ ಮೇಲೆ ತಲುಪಿಸಿದ ಗುಮಾಸ್ತರನ್ನು ನೆನೆಯುವ ರೂಢಿ ನಮ್ಮಲ್ಲಿ ಇನ್ನೂ ಬಂದಿಲ್ಲ. ಆದ್ದರಿಂದಲೇ ಶಿವಮೊಗ್ಗದ ವಕೀಲರೆಲ್ಲ ಸೇರಿ ಒಬ್ಬ ಗುಮಾಸ್ತರಿಗೆ ಅಭಿನಂದನ ಸಂಪುಟ ಅರ್ಪಿಸುತ್ತಾರೆಂಬ ಸುದ್ದಿ ಕೇಳಿ ಹಲವರು ಹುಬ್ಬೇರಿಸಿದರು. ಮೊದಲು ಹುಬ್ಬೇರಿಸಿದವರು ಸ್ವತಃ ಷಡಕ್ಷರಪ್ಪನವರೇ. ನಲವತ್ತೊಂದು ವರ್ಷಗಳಲ್ಲಿ ತಾವು ಬರೆದ ಸಾವಿರಾರು ಅರ್ಜಿಗಳ ಪೈಕಿ ಒಂದರಲ್ಲೂ ತಮ್ಮ ಹೆಸರಿಲ್ಲ, ಈಗ ಇಡೀ ಪುಸ್ತಕದ ತುಂಬ ತಮ್ಮ ಹೆಸರೇ ಇದ್ದರೆ ಓದುವವರಿಗೆ ಬೇಸರವಾಗುತ್ತದೆ ಎಂದು ಅವರು ಸಮಿತಿಯವರಿಗೆ ಕೈಮುಗಿದು ಹೇಳಿದರಂತೆ.

ಷಡಕ್ಷರಪ್ಪನವರು ಬೆಳೆದದ್ದು ಪಾತ್ರೆಗಳ ಸದ್ದಿನ ನಡುವೆ. ಅವರ ತಂದೆ ಜಟ್ಟಪ್ಪನವರು ಇಂದಿನ ಗಾಂಧಿಬಜಾರಿನಲ್ಲಿ ಪಾತ್ರೆ ಅಂಗಡಿಯೊಂದರ ಜಗುಲಿಯ ಮೇಲೆ ಕೂತು, ಚಾಣ ಮತ್ತು ಸಣ್ಣ ಸುತ್ತಿಗೆ ಹಿಡಿದು, ಕೊಂಡವರ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಪಾತ್ರೆಯ ಮೈಮೇಲೆ ಕೊರೆದುಕೊಡುತ್ತಿದ್ದರು. ಸುತ್ತಲಿನ ಊರುಗಳಲ್ಲಿ ಮಗಳ ಮದುವೆ ನಿಶ್ಚಯವಾಯಿತೆಂದರೆ ಬಳುವಳಿ ಪಾತ್ರೆಗಳಿಗೆ ಹೆಸರು ಬೀಳುತ್ತಿದ್ದುದು ಆ ಜಗುಲಿಯ ಮೇಲೆಯೇ. ಷಡಕ್ಷರಪ್ಪನವರು ಅಕ್ಷರ ಕಲಿತದ್ದು ಸ್ಲೇಟಿನ ಮೇಲಲ್ಲ, ತಂಬಿಗೆಗಳ ಮೇಲೆ ಎಂದು ಹಳಬರು ತಮಾಷೆ ಮಾಡುವುದುಂಟು. ಅವರ ಬರವಣಿಗೆಯ ದುಂಡುತನಕ್ಕೆ ಅದೇ ಕಾರಣವಿರಬಹುದು.

೧೯೨೭ರಲ್ಲಿ ದುರ್ಗಿಗುಡಿಯ ವಕೀಲ ಶ್ರೀ ಚಂದ್ರಶೇಖರಪ್ಪನವರು ಬೋರ್ಡು ಹಾಕಿದ ದಿನವೇ ಷಡಕ್ಷರಪ್ಪನವರೂ ಆ ಕಚೇರಿಯ ಮೆಟ್ಟಿಲು ಹತ್ತಿದರು. ಅಂದಿನಿಂದ ಇಂದಿನವರೆಗೆ ವಕೀಲರು ಒಳಕೋಣೆಯಲ್ಲಿ, ಗುಮಾಸ್ತರು ಜಗುಲಿಯಲ್ಲಿ. ಕಕ್ಷಿಗಾರರ ಮಾತಿನಲ್ಲಿ ಹೇಳುವುದಾದರೆ ಕಾನೂನು ಒಳಗೆ, ಧೈರ್ಯ ಹೊರಗೆ. ವಾಯಿದೆಯ ತಾರೀಖನ್ನು ಅವರು ಬರೀ ತಾರೀಖಾಗಿ ಹೇಳಿದವರಲ್ಲ. ರೈತರಿಗೆ ನಾಟಿಯ ಲೆಕ್ಕದಲ್ಲಿ, ಬಜಾರಿನವರಿಗೆ ಸಂತೆಯ ಲೆಕ್ಕದಲ್ಲಿ, ಭದ್ರಾವತಿಯ ಕಾರ್ಖಾನೆಯವರಿಗೆ ಪಾಳಿಯ ಲೆಕ್ಕದಲ್ಲಿ ಬಿಡಿಸಿ ಹೇಳುತ್ತಿದ್ದರು. ಹಾಗೆ ಹೇಳಿದರೂ ಒಂದು ದಿನ ಮೊದಲೇ ಬಂದುಬಿಟ್ಟ ಹೊಳೆಹೊನ್ನೂರಿನ ಬೀರಪ್ಪ ಎಂಬ ರೈತನನ್ನು ಬೈದು, ಬೈಯುತ್ತಲೇ ಮನೆಗೆ ಕರೆದುಕೊಂಡು ಹೋಗಿ ಊಟ ಹಾಕಿಸಿದ್ದನ್ನು ಆ ಬೀರಪ್ಪನೇ ಊರೆಲ್ಲ ಹೇಳಿಕೊಂಡು ಬಂದ. ಬೈಗುಳವನ್ನು ಅವನು ಊಟಕ್ಕಿಂತ ಹೆಚ್ಚು ರುಚಿಯಾಗಿ ವರ್ಣಿಸುತ್ತಿದ್ದನಂತೆ.

೧೯೫೫ರಲ್ಲಿ ಹೊಸ ವಿವಾಹ ಕಾಯ್ದೆ ಬಂದಿತು. ಅದುವರೆಗೆ ಜಮೀನು, ಗಡಿ, ಪಾಲು ಎಂದು ಬರುತ್ತಿದ್ದ ಗಂಡಸರ ನಡುವೆ ಆಗೊಮ್ಮೆ ಈಗೊಮ್ಮೆ ಒಬ್ಬ ಹೆಂಗಸು, ಜೊತೆಗೊಬ್ಬ ಅಣ್ಣನೋ ಚಿಕ್ಕಪ್ಪನೋ, ಸೆರಗು ಬಿಗಿಹಿಡಿದು ಬಂದು ಜಗುಲಿಯ ಮೂಲೆಯಲ್ಲಿ ನಿಲ್ಲತೊಡಗಿದರು. ಷಡಕ್ಷರಪ್ಪನವರು ಮಾಡಿದ ಮೊದಲ ಕೆಲಸವೆಂದರೆ ರಸ್ತೆಗೆ ಮುಖ ಮಾಡಿದ್ದ ಬೆಂಚನ್ನು ಒಳಗೋಡೆಯ ಕಡೆಗೆ ತಿರುಗಿಸಿ ಹಾಕಿಸಿದ್ದು. ಬಂದವರ ಮುಖ ಬೀದಿಗೆ ಕಾಣಬಾರದು ಎಂಬುದು ಅವರಿಗೆ ಯಾರೂ ಹೇಳಿಕೊಟ್ಟ ಮಾತಲ್ಲ.

ಕಾಶಮ್ಮ ಆ ಬೆಂಚಿನ ಮೇಲೆ ಬಂದು ಕೂತದ್ದು ೧೯೫೭ರ ಬೇಸಿಗೆಯಲ್ಲಿ. ಹೊಳೆಹೊನ್ನೂರಿನಲ್ಲಿ ಮದುವೆ ಅಡುಗೆಯ ಮೇಸ್ತ್ರಿಯಾಗಿದ್ದವರ ಮಗಳು. ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಶಿವಯೋಗಪ್ಪನಿಗೆ ೧೯೪೮ರಲ್ಲಿ ಕೊಟ್ಟಿದ್ದರು. ಭವಾನಿ ಎಂಬ ಮಗಳು ಹುಟ್ಟಿದ ಮೇಲೆ ಮತ್ತೆ ಮಕ್ಕಳಾಗಲಿಲ್ಲ. ಗಂಡುಮಗು ಬೇಕೆಂದು ಶಿವಯೋಗಪ್ಪ ೧೯೫೪ರಲ್ಲಿ ಎರಡನೆಯ ಮದುವೆ ಮಾಡಿಕೊಂಡ. ಕಾಶಮ್ಮ ಒಂದು ವರ್ಷ ಸಹಿಸಿ, ಒಂದು ದಿನ ಮಗಳ ಕೈಹಿಡಿದು ಮಲವಗೊಪ್ಪದಲ್ಲಿದ್ದ ಅಣ್ಣನ ಮನೆಗೆ ಬಂದುಬಿಟ್ಟಳು. ಆಗ ಅವಳ ತಂದೆ ಬದುಕಿರಲಿಲ್ಲ.

ಅವಳು ಅದಕ್ಕೂ ಮೊದಲು ಬೇರೊಬ್ಬ ವಕೀಲರ ಬಳಿ ಹೋಗಿದ್ದಳು. ಮೂರೇ ತಿಂಗಳಲ್ಲಿ ಗಂಡನ ಮನೆಯನ್ನೇ ಅವಳ ಹೆಸರಿಗೆ ಬರೆಸಿಕೊಡುತ್ತೇನೆಂದು ಅವರು ಭರವಸೆ ಕೊಟ್ಟಿದ್ದರು. ಅಷ್ಟು ಸುಲಭದ ಮಾತು ಕೇಳಿ ಅವಳಿಗೆ ಭಯವಾಗಿ ಎದ್ದು ಬಂದಿದ್ದಳು. ಅದನ್ನು ಕೇಳಿ ಷಡಕ್ಷರಪ್ಪನವರು ಲೇಖನಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಹೇಳಿದರು: "ಒಳ್ಳೇದೇ ಮಾಡಿದೆ ತಾಯಿ. ವಕೀಲರನ್ನ ಹಿಡಿಯೋದೂ ನೆಂಟಸ್ತನ ಮಾಡೋ ಹಾಗೇನೇ. ವಿಚಾರಿಸದೆ ಒಪ್ಕೋಬಾರ್ದು. ನಮ್ಮ ಸಾಹೇಬರನ್ನೂ ಸೇರಿಸೇ ಹೇಳ್ತಿದೀನಿ."

ಹಾಗೆ ಹೇಳಿ ಅವರು ತಮ್ಮ ಯಜಮಾನರನ್ನೇ ಏನೇನು ಕೇಳಬೇಕೆಂದು ಅವಳಿಗೆ ಪಾಠ ಮಾಡಿದರು. ಪ್ರತಿ ವಾಯಿದೆಗೂ ನೀವೇ ಬರುತ್ತೀರೋ, ಕಿರಿಯರನ್ನು ಕಳಿಸುತ್ತೀರೋ ಎಂದು ಕೇಳು. ಗೆದ್ದರೆ ಏನು ಬರುತ್ತದೆ ಎಂಬುದಕ್ಕಿಂತ ಮೊದಲು ಸೋತರೆ ಏನು ಹೋಗುತ್ತದೆ ಎಂದು ಕೇಳು. ಫೀಜು ಇಷ್ಟೇ ಎಂದು ಇವತ್ತೇ ಹೇಳಿಸಿಕೋ. ಸಲ್ಲಿಸಿದ ಪ್ರತಿ ಕಾಗದದ ನಕಲು ನಿನ್ನ ಕೈಗೆ ಬರಬೇಕೆಂದು ಹೇಳು. ಕಾಶಮ್ಮ ಒಳಗೆ ಹೋಗಿ ಒಂದೂ ಬಿಡದೆ ಕೇಳಿದಳು. ಚಂದ್ರಶೇಖರಪ್ಪನವರು ಎಲ್ಲಕ್ಕೂ ಉತ್ತರಿಸಿ, ಕಡೆಗೆ ಬಾಗಿಲ ಕಡೆ ನೋಡಿ, ಈ ಪ್ರಶ್ನೆಪತ್ರಿಕೆ ತಯಾರಿಸಿದವರು ಯಾರೆಂದು ನನಗೆ ಗೊತ್ತು ಎಂದು ನಕ್ಕರಂತೆ.

ಬಿಡುಗಡೆಯ ಮಾತು ಕಷ್ಟದ್ದಾಗಿರಲಿಲ್ಲ. ಹೊಸ ಕಾಯ್ದೆಗೆ ಮೊದಲೇ ಗಂಡ ಮತ್ತೊಂದು ಮದುವೆಯಾಗಿದ್ದು, ಆ ಹೆಂಡತಿ ಬದುಕಿದ್ದರೆ, ಅಷ್ಟೇ ಕಾರಣದ ಮೇಲೆ ಮೊದಲ ಹೆಂಡತಿ ವಿಚ್ಛೇದನ ಕೇಳಬಹುದಿತ್ತು. ತೊಡಕಿದ್ದದ್ದು ಆಸ್ತಿಯ ಮಾತಿನಲ್ಲಿ. ಮಲವಗೊಪ್ಪದ ಮನೆಯಲ್ಲಿದ್ದ ಅವಳ ದೊಡ್ಡಮ್ಮ, ಬಿಡುಗಡೆ ಕೇಳಿದ ಹೆಂಗಸು ಉಟ್ಟ ಸೀರೆಯಲ್ಲೇ ಹೊರಗೆ ಬರಬೇಕು, ಮಿಕ್ಕಿದ್ದೆಲ್ಲ ಗಂಡನ ಮನೆಯದು ಎಂದಿದ್ದರು. ಅಣ್ಣನಂತೂ ಮನೆಯಲ್ಲಿ, ನಿವೇಶನದಲ್ಲಿ, ಸಂಬಳದಲ್ಲಿ ಸರಿಯಾಗಿ ಅರ್ಧ ಬರುತ್ತದೆಂದು ನಂಬಿ ಕೂತಿದ್ದ. ಇಬ್ಬರ ಮಾತೂ ತಪ್ಪೆಂದು ಚಂದ್ರಶೇಖರಪ್ಪನವರು ಅವಳಿಗೆ ನಿಧಾನವಾಗಿ ತಿಳಿಸಿದರು. ಮದುವೆಯಾದ ಮಾತ್ರಕ್ಕೆ ಗಂಡನ ಗಳಿಕೆಯಲ್ಲಿ ಅರ್ಧ ಪಾಲು ಕೊಡುವ ಕಾನೂನು ನಮ್ಮಲ್ಲಿಲ್ಲ. ಬಿಡುಗಡೆ ಕೇಳಿದ ಮಾತ್ರಕ್ಕೆ ಅವಳದನ್ನು ಕಿತ್ತುಕೊಳ್ಳುವ ಕಾನೂನೂ ಇಲ್ಲ. ತವರಿನವರು ಅವಳಿಗೆಂದು ಕೊಟ್ಟ ಬಳುವಳಿ, ಅವಳ ಮೈಮೇಲಿನ ಒಡವೆ ಸ್ತ್ರೀಧನ. ಸಂಸಾರ ನಡೆದರೂ ಮುರಿದರೂ ಅದು ಅವಳದೇ. ಮದುವೆಯ ಹೊತ್ತಿಗೆ ಇಬ್ಬರಿಗೂ ಸೇರಿ ಬಂದ ಮಂಚ, ಗಡಿಯಾರದಂಥ ಸಾಮಾನನ್ನು ಹೇಗೆ ಹಂಚಬೇಕೆಂದು ನ್ಯಾಯಾಧೀಶರು ತೀರ್ಪಿನಲ್ಲೇ ಹೇಳಬಹುದು. ಗಂಡ ತನ್ನ ಹೆಸರಿನಲ್ಲಿ ಕೊಂಡದ್ದು ಗಂಡನದು. ಅದಕ್ಕೆ ಪ್ರತಿಯಾಗಿ ಅವಳೂ ಮಗಳೂ ಕೇಳಬಹುದಾದದ್ದು ಜೀವನಾಂಶ.

ಕಾಶಮ್ಮನ ಎರಡು ಜೊತೆ ಬಳೆ ಕರಗಿ, ಗಂಡ ಕೊಂಡ ಆ ನಿವೇಶನಕ್ಕೆ ಹೋಗಿದ್ದವು. ಅದಕ್ಕೆ ಕಾಗದವಿರಲಿಲ್ಲ, ಸಾಕ್ಷಿಯಿರಲಿಲ್ಲ. ಕೇಳಿ ನೋಡುತ್ತೇನೆ, ಆದರೆ ಅದನ್ನು ನಂಬಿ ಕೂರಬೇಡ ಎಂದರು ವಕೀಲರು. ಅವಳು, ಬಳೆ ಹೋದರೆ ಹೋಗಲಿ, ತನ್ನ ಪಾತ್ರೆಗಳು ಬಂದರೆ ಸಾಕು ಎಂದಳು.

ಆ ಪಾತ್ರೆಗಳ ಕತೆ ಬೇರೆ. ಅವಳ ತಂದೆ ಮಗಳಿಗೆ ಬಳುವಳಿಯಾಗಿ ಕೊಟ್ಟದ್ದು ಸಂಸಾರದ ಪಾತ್ರೆಗಳನ್ನಲ್ಲ, ತಮ್ಮ ಕಸುಬಿನ ಅಳತೆಯ ಪಾತ್ರೆಗಳನ್ನು: ಐವತ್ತು ಜನರ ಅನ್ನ ಬೇಯುವ ಕೊಳಗ, ಸಾರಿನ ಕೊಪ್ಪರಿಗೆ, ದೊಡ್ಡ ಬೋಗುಣಿಗಳು, ಪರಾತ, ಹಂಡೆ. ಜೊತೆಗೆ ಕೈಯಡುಗೆಯನ್ನೂ ಕಲಿಸಿ ಕಳಿಸಿದ್ದರು. ಭದ್ರಾವತಿಯಲ್ಲಿ ಕಾರ್ಖಾನೆಯ ಗೇಟಿನ ಹತ್ತಿರ, ಊರುಬಿಟ್ಟು ಬಂದು ಒಂಟಿಯಾಗಿ ದುಡಿಯುವ ಕೆಲಸಗಾರರಿಗೆ ಖಾನಾವಳಿ ತೆರೆಯಬೇಕೆಂಬುದು ಅವಳ ಮನಸ್ಸಿನಲ್ಲಿತ್ತು. ಜಾಗ ನೋಡಿಟ್ಟಿದ್ದಳು. ಪಾತ್ರೆ ಬಂದರೆ ಒಲೆ ಹೊತ್ತುತ್ತಿತ್ತು, ಬಾರದಿದ್ದರೆ ಅಣ್ಣನ ಮನೆಯ ಮೂಲೆಯೇ ಅವಳಿಗೂ ಭವಾನಿಗೂ ಗತಿಯಾಗುತ್ತಿತ್ತು. ಹೊಸದಾಗಿ ಅಂಥ ಪಾತ್ರೆ ಕೊಳ್ಳುವುದು ಅವಳ ಕೈಲಾಗುವ ಮಾತಾಗಿರಲಿಲ್ಲ.

ಇಂಥ ಪಟ್ಟಿ ಬರೆದುಕೊಳ್ಳುವುದರಲ್ಲಿ ಷಡಕ್ಷರಪ್ಪನವರದು ಒಂದು ವಿಶೇಷ ಕ್ರಮ. ಏನೇನಿತ್ತು ಎಂದು ಅವರು ಕೇಳುತ್ತಿರಲಿಲ್ಲ, ಎಷ್ಟು ಬೆಲೆ ಬಾಳುತ್ತದೆ ಎಂದೂ ಕೇಳುತ್ತಿರಲಿಲ್ಲ. ಕಣ್ಣುಮುಚ್ಚಿಸಿ, "ಬಾಗಿಲಿಂದ ಒಳಗೆ ಬಾ ತಾಯಿ, ಎಡಗಡೆ ಏನಿದೆ?" ಎಂದು ಶುರು ಮಾಡುತ್ತಿದ್ದರು. ಕಾಶಮ್ಮ ಕಣ್ಣುಮುಚ್ಚಿ ತಾನು ಬಿಟ್ಟುಬಂದ ಮನೆಯನ್ನು ಗೂಟ ಗೂಟವಾಗಿ, ಪಾತ್ರೆಯಿಡುವ ನಾಗೊಂದಿಗೆ ನಾಗೊಂದಿಗೆಯಾಗಿ ಹೇಳುತ್ತ ಹೋದಳು. ಪಾತ್ರೆಗಳ ಮೇಲೆ ಗುರುತೇನು ಎಂದು ಕೇಳಿದಾಗ 'ಕಾಶಮ್ಮ' ಎಂದು ಹೆಸರು ಕೊರೆಸಿದೆ ಎಂದಳು. ಪಾತ್ರೆಗೆ ಹೆಸರು ಕೊರೆಯುವವರ ಮಗನಿಗೆ ಇನ್ನೇನು ಬೇಕು? ಅವರು ಸಂತೋಷದಿಂದ ಬರೆದುಕೊಂಡರು.

ವಕಾಲತ್ತಿಗೆ ರುಜು ಹಾಕುವಾಗ ಮಾತ್ರ ಅವಳು, ಭದ್ರಾವತಿಯಲ್ಲಿ ತನ್ನನ್ನು ಜಯಶೀಲಾ ಎನ್ನುತ್ತಾರೆ, ಅದನ್ನೂ ಸೇರಿಸಿ ಎಂದಳು. ಎರಡು ಹೆಸರು ಯಾಕೆ ಎಂದದ್ದಕ್ಕೆ, ಆ ಮನೆಯಲ್ಲಿ ಹಾಗೆ ಕರೆಯುತ್ತಾರೆ ಎಂದಷ್ಟೇ ಹೇಳಿ ತಲೆ ತಗ್ಗಿಸಿದಳು. ಹೊಸ ಕಾಲದ ಹೆಸರಿನ ಮೋಹವಿರಬೇಕೆಂದುಕೊಂಡು ಷಡಕ್ಷರಪ್ಪನವರು 'ಕಾಶಮ್ಮ ಉರುಫ್ ಜಯಶೀಲಾ' ಎಂದು ದುಂಡಗೆ ಬರೆದು ಮುಂದಿನ ಹಾಳೆಗೆ ಹೋದರು. ನಲವತ್ತೊಂದು ವರ್ಷಗಳ ಸೇವೆಯಲ್ಲಿ ತಾವು ಮಾಡಿದ ದೊಡ್ಡ ತಪ್ಪು ಅದೊಂದೇ ಎಂದು ಅವರು ಇಂದಿಗೂ ಹೇಳುತ್ತಾರೆ.

ಎದುರು ಕಡೆಯ ಜವಾಬು ಬಂದಾಗ ಅದು ಹೊರಬಿತ್ತು. ವಿಚ್ಛೇದನಕ್ಕೆ ಶಿವಯೋಗಪ್ಪನ ತಕರಾರಿರಲಿಲ್ಲ. ಆದರೆ ಪಟ್ಟಿಯಲ್ಲಿ ಕಾಣಿಸಿದ 'ಕಾಶಮ್ಮ' ಎಂಬ ಹೆಸರಿನ ಪಾತ್ರೆಗಳೆಲ್ಲವೂ ತನ್ನ ತಾಯಿ ಕಾಶಮ್ಮನವರ ಸ್ವಂತ ಬಳುವಳಿಯೆಂದೂ, ಅರ್ಜಿದಾರಳನ್ನು ಆ ಮನೆಯಲ್ಲಿ ಯಾರೂ ಯಾವತ್ತೂ ಆ ಹೆಸರಿನಿಂದ ಕರೆದಿಲ್ಲವೆಂದೂ ಅವನು ಬರೆಸಿದ್ದ. ಅದರ ಎರಡನೆಯ ಭಾಗವಂತೂ ಅಕ್ಷರಶಃ ನಿಜವಾಗಿತ್ತು. ಅತ್ತೆಯ ಹೆಸರೂ ಸೊಸೆಯ ಹೆಸರೂ ಒಂದೇ ಆದದ್ದರಿಂದ ಧಾರೆಯ ದಿನವೇ ಹಿರಿಯರು ಸೊಸೆಯ ಹೆಸರನ್ನು ಬದಲಾಯಿಸಿದ್ದರು. ಪಾತ್ರೆಗಳ ಮೇಲೆ ಮಾತ್ರ ಹಳೆಯ ಹೆಸರು ಹಾಗೇ ಉಳಿದಿತ್ತು.

ಇಷ್ಟು ದೊಡ್ಡ ಸಂಗತಿಯನ್ನು ಮೊದಲೇ ಯಾಕೆ ಹೇಳಲಿಲ್ಲವೆಂದು ಷಡಕ್ಷರಪ್ಪನವರು ಅವಳನ್ನು ಕೇಳಿದರು. ಕಾಶಮ್ಮ ನಿಜವಾಗಿಯೂ ಬೆಚ್ಚಿಬಿದ್ದು, "ಅತ್ತೆ ಹೆಸರನ್ನ ಬಾಯಲ್ಲಿ ಹೆಂಗೆ ಹೇಳೋದು ಅಣ್ಣಾರೆ?" ಎಂದಳು.

"ಗಂಡನೇ ಬೇಡ ಅಂತ ಅರ್ಜಿ ಹಾಕಿದೀಯ. ಅತ್ತೆ ಹೆಸರು ಹೇಳೋಕೆ ಏನಾಯ್ತು ಮಾರಾಯ್ತಿ?"

"ಅವರೇನು ಮಾಡಿದಾರೆ ಪಾಪ. ನಾನು ಮನೆ ಬಿಟ್ಟ ದಿನ ಊಟ ಮಾಡ್ಲಿಲ್ಲವಂತೆ ಅವರು."

ಷಡಕ್ಷರಪ್ಪನವರಿಗೆ ಆ ಮಧ್ಯಾಹ್ನ ಊಟ ಸೇರಲಿಲ್ಲ. ಸೊಸೆ ಅತ್ತೆಯ ಹೆಸರೆತ್ತುವುದಿಲ್ಲ ಎಂಬುದು ಅವರಿಗೆ ಗೊತ್ತಿಲ್ಲದ್ದಲ್ಲ. ಅವರ ಮನೆಯಲ್ಲೂ ನಡೆದುಬಂದದ್ದೇ. ಒಂದೇ ಹೆಸರಿನ ಇಬ್ಬರಿರಬಹುದೆಂಬುದು ಹೆಸರುಗಳನ್ನೇ ಕೊರೆದು ಜೀವನ ಮಾಡಿದ ಮನೆಯವನಿಗೆ ಹೊಳೆಯಲಿಲ್ಲವಲ್ಲ ಎಂಬುದು ಅವರ ಸಂಕಟ. ಸಂಜೆ ಒಳಕೋಣೆಗೆ ಹೋಗಿ, ತಪ್ಪು ನನ್ನದು ಎಂದು ಯಜಮಾನರ ಮುಂದೆ ನಿಂತರು. ಚಂದ್ರಶೇಖರಪ್ಪನವರು ಅವರನ್ನು ಕೂರಿಸಿ, ರುಜು ಹಾಕಿದವನು ನಾನಲ್ಲವೇ, ಇಬ್ಬರೂ ಸೇರಿ ಸರಿಮಾಡೋಣ ಎಂದರು. ಎರಡೂ ಕಡೆಯವರ ಒಪ್ಪಿಗೆ ಪಡೆದು, ಸ್ಥಳಕ್ಕೇ ಹೋಗಿ ಪಾತ್ರೆಗಳನ್ನು ನೋಡಿ ವರದಿ ಕೊಡಲು ಒಬ್ಬ ಕಮಿಷನರನ್ನು ನೇಮಿಸಬೇಕೆಂದು ಕೋರ್ಟನ್ನು ಕೇಳಿಕೊಂಡರು. ಕಿರಿಯ ವಕೀಲರಾಗಿದ್ದ ಗಂಗಾಧರಪ್ಪನವರ ನೇಮಕವಾಯಿತು.

ಒಂದು ಭಾನುವಾರ ಬೆಳಿಗ್ಗೆ ಭದ್ರಾವತಿಯ ಆ ಮನೆಯ ಅಂಗಳದಲ್ಲಿ ಪಾತ್ರೆಗಳನ್ನೆಲ್ಲ ತಂದು ಸಾಲಾಗಿ ಇಟ್ಟರು. ಎದುರು ಕಡೆಯ ವಕೀಲರಿದ್ದರು, ಶಿವಯೋಗಪ್ಪ ಕೈಕಟ್ಟಿ ನಿಂತಿದ್ದ, ಕಾಶಮ್ಮ ಅಣ್ಣನೊಂದಿಗೆ ಬಾಗಿಲ ಹೊರಗೇ ಉಳಿದಿದ್ದಳು. ಚಂದ್ರಶೇಖರಪ್ಪನವರ ಪರವಾಗಿ ಪಟ್ಟಿ ಹಿಡಿದು ಹೋದವರು ಷಡಕ್ಷರಪ್ಪನವರು. ಅರವತ್ತರ ಅತ್ತೆ ಕಾಶಮ್ಮನವರನ್ನು ಜಗುಲಿಯ ಮೇಲೆ ಚಾಪೆ ಹಾಕಿ ಕೂರಿಸಿದ್ದರು. ಇವೆಲ್ಲ ನಿಮ್ಮವೇ ಎಂದು ಕಮಿಷನರು ಕೇಳಿದರೆ ಅವರು ಮಗನ ಮುಖ ನೋಡಿದರು, ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ಷಡಕ್ಷರಪ್ಪನವರು ಬಗ್ಗಿ ಮೊದಲ ಹಂಡೆಯ ಮೈ ನೋಡಿದರು. ನೋಡಿದವರು ಹಾಗೇ ಕೂತುಬಿಟ್ಟರು. ಅಕ್ಷರ ಅವರ ತಂದೆಯದು. ಪಕ್ಕದ ಕೊಳಗವನ್ನು ನೋಡಿದರು, ಅದೂ ತಂದೆಯದೇ. ಜಟ್ಟಪ್ಪನವರು ತೀರಿಕೊಂಡು ಏಳೆಂಟು ವರ್ಷಗಳಾಗಿದ್ದವು. ಮಗ ಅವರ ಕೈಬರಹವನ್ನು ಮತ್ತೆ ನೋಡಿದ್ದು ಆ ಅಂಗಳದಲ್ಲಿ. ಬೇರೆ ಬೇರೆ ಕೈ ಕೊರೆದಿದ್ದರೆ ಗುರುತು ಹಿಡಿದು ತೋರಿಸಬಹುದೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದರು. ಎರಡಕ್ಕೂ ಒಂದೇ ಕೈ ಎಂದ ಮೇಲೆ ಆ ಆಸೆಯೂ ಹೋಯಿತು.

ಆದರೂ ಬೆರಳಿನಿಂದ ಚುಕ್ಕಿಗಳನ್ನು ಸವರುತ್ತ ಹೋದಾಗ ಅವರಿಗೆ ಒಂದು ವ್ಯತ್ಯಾಸ ತಿಳಿಯಿತು. ಹಂಡೆಯ ಮೇಲಿನ ಚುಕ್ಕಿಗಳು ಸಾಲು ತಪ್ಪಿರಲಿಲ್ಲ, ಏಟು ಒಂದೇ ಸಮನಾಗಿತ್ತು. ಕೊಳಗದ ಮೇಲೆ 'ಶ'ದ ಸುತ್ತು ಪೂರ್ತಿ ಕೂಡಿರಲಿಲ್ಲ, ಚುಕ್ಕಿಗಳು ಅಲ್ಲಲ್ಲಿ ಜಾರಿದ್ದವು. ಕೊನೆಗಾಲದಲ್ಲಿ ತಂದೆಯ ಬಲಗೈ ನಡುಗುತ್ತಿತ್ತು. ಮಗ ಬೇಡವೆಂದರೂ ಅವರು ಜಗುಲಿ ಬಿಟ್ಟಿರಲಿಲ್ಲ. ಷಡಕ್ಷರಪ್ಪನವರಿಗೆ ಕಣ್ಣು ತುಂಬಿ ಬಂತು. ಯಾವುದು ಯಾರದೆಂದು ಅವರಿಗೆ ಸ್ಪಷ್ಟವಾಗಿತ್ತು, ಆದರೆ ಅರ್ಜಿದಾರಳ ವಕೀಲರ ಗುಮಾಸ್ತ ಹೇಳಿದ್ದನ್ನು ಯಾವ ಕಮಿಷನರು ಸಾಕ್ಷ್ಯವೆಂದು ಬರೆದುಕೊಂಡಾರು?

ಅವರು ಗಂಗಾಧರಪ್ಪನವರ ಅಪ್ಪಣೆ ಕೇಳಿ, ಹಂಡೆಯನ್ನೂ ಕೊಳಗವನ್ನೂ ಮುದುಕಿಯ ಮುಂದೆ ಉರುಳಿಸಿಕೊಂಡು ಹೋಗಿ ಇಟ್ಟರು. ಕಾನೂನಿನ ಮಾತು ಒಂದನ್ನೂ ಆಡಲಿಲ್ಲ.

"ಅಮ್ಮಾ, ಇದು ನಮ್ಮಪ್ಪ ಕೊರೆದಿದ್ದು. ಶಿವಮೊಗ್ಗದ ಪಾತ್ರೆ ಅಂಗಡಿ ಜಗುಲೀಲಿ ಕೂರ್ತಿದ್ರು. ನಿಮಗೆ ನೆನಪಿದೆಯಾ?"

ಮುದುಕಿ ಮೊದಲ ಬಾರಿಗೆ ಮಗನ ಕಡೆ ನೋಡದೆ ಮಾತಾಡಿದರು. "ನೆನಪಿಲ್ದೆ ಏನು? ನನಗಾಗ ಹನ್ನೊಂದು ವರ್ಷ. ನಮ್ಮಪ್ಪನ ಜೊತೆ ಗಾಡೀಲಿ ಬಂದಿದ್ದೆ. ಹರೇದ ಹುಡುಗ, ಮೀಸೆ ಇನ್ನೂ ಸರಿಯಾಗಿ ಬಂದಿರ್ಲಿಲ್ಲ. ನನ್ನ ಹೆಸರು ಕೇಳಿ ಕೊರೆದು, ನೀನೇ ಮುಟ್ಟಿ ನೋಡವ್ವ ಅಂದ. ಓದೋಕೆ ಬರ್ತಿರ್ಲಿಲ್ಲ, ಮುಟ್ಟೇ ನೋಡಿದ್ದೆ."

"ಹಂಗಾದ್ರೆ ಈಗ್ಲೂ ಮುಟ್ಟೇ ನೋಡಿ, ಅಮ್ಮಾ. ನಿಮ್ಮ ಹೆಸರು ಎಲ್ಲಿದೆ?"

ಮುದುಕಿ ಹಂಡೆಯ ಮೇಲೆ ಬೆರಳಾಡಿಸಿದರು. ಅದಾದ ಮೇಲೆ ಕೊಳಗದ ಮೇಲೆ ಆಡಿಸಿದರು, ಅಲ್ಲಿ ಬೆರಳು ನಿಂತಿತು. ಮತ್ತೊಮ್ಮೆ ಸವರಿದರು. ಶಿವಯೋಗಪ್ಪ ಏನೋ ಹೇಳಲು ಬಾಯಿ ತೆರೆದವನು, ತಾಯಿ ಕೈಯೆತ್ತಿದ್ದನ್ನು ಕಂಡು ಸುಮ್ಮನಾದ.

"ಇದು ಮುದುಕನ ಕೈ," ಎಂದರು ಅವರು. "ನನ್ನ ಕಾಲದ್ದಲ್ಲ ಇದು."

ಆಮೇಲೆ ಅವರು ಚಾಪೆಯಿಂದ ಎದ್ದು, ಸಾಲಿನಲ್ಲಿದ್ದ ಪಾತ್ರೆಗಳನ್ನು ಒಂದೊಂದಾಗಿ ಮುಟ್ಟಿ ತಮ್ಮವನ್ನು ಒಂದು ಪಕ್ಕಕ್ಕೆ ಸರಿಸುತ್ತ ಹೋದರು. ತಮ್ಮದರ ಪ್ರತಿ ನೆಗ್ಗಿಗೂ ಅವರ ಬಳಿ ಒಂದೊಂದು ಕತೆಯಿತ್ತು: ಇದು ಬಾವಿಗೆ ಬಿದ್ದದ್ದು, ಇದಕ್ಕೆ ಎಮ್ಮೆ ಒದ್ದದ್ದು. ಸೊಸೆಯ ಪಾತ್ರೆಗಳ ಮುಂದೆ ಅವರಿಗೆ ಹೇಳಲು ಕತೆಯಿರಲಿಲ್ಲ. ಗಂಗಾಧರಪ್ಪನವರು ನಿಂತಲ್ಲೇ ಬರೆದುಕೊಂಡರು. ಕಡೆಗೆ ಮುದುಕಿ ಬಾಗಿಲ ಕಡೆ ತಿರುಗಿ, ಒಂಬತ್ತು ವರ್ಷಗಳಿಂದ ಆ ಮನೆಯಲ್ಲಿ ಯಾರೂ ಕರೆಯದ ಹೆಸರಿನಿಂದ ಸೊಸೆಯನ್ನು ಕರೆದರು.

"ಕಾಶಮ್ಮ, ಒಳಗೆ ಬಾರೆ. ನಿಂದು ನೀನು ತಗೊಂಡು ಹೋಗು ಮಾರಾಯ್ತಿ."

ಕಾಶಮ್ಮ ಒಳಗೆ ಬಂದು ಮೊದಲು ಅತ್ತೆಯ ಕಾಲು ಮುಟ್ಟಿದಳು, ಆಮೇಲೆ ಕೊಳಗವನ್ನು ಮುಟ್ಟಿದಳು. ಷಡಕ್ಷರಪ್ಪನವರು ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರೆಂದೂ, ಅದಕ್ಕೆ ಬಹಳ ಹೊತ್ತು ತೆಗೆದುಕೊಂಡರೆಂದೂ ಗಂಗಾಧರಪ್ಪನವರು ಇಂದಿಗೂ ನೆನೆಯುತ್ತಾರೆ. ವರದಿಯಲ್ಲಿ ಅದನ್ನು ಅವರು ಬರೆಯಲಿಲ್ಲ.

ಆ ವರದಿಯ ಆಧಾರದ ಮೇಲೆ ರಾಜಿಪತ್ರವಾಯಿತು. ವಿಚ್ಛೇದನದ ತೀರ್ಪಿನಲ್ಲೇ ಪಾತ್ರೆಗಳ ಪಟ್ಟಿಯೂ ಸೇರಿತು. ಭವಾನಿಗೆ ಜೀವನಾಂಶ ನಿಗದಿಯಾಯಿತು. ಮಂಚ ಗಂಡನ ಪಾಲಿಗೆ, ಗಡಿಯಾರ ಹೆಂಡತಿಯ ಪಾಲಿಗೆ ಬಂತು. ಬಳೆಯ ಬಂಗಾರ ಬರಲಿಲ್ಲ. ಅದು ಬರುವುದು ಕಷ್ಟವೆಂದು ಮೊದಲ ದಿನವೇ ಕೇಳಿ ತಿಳಿದಿದ್ದರಿಂದ ಕಾಶಮ್ಮ ಅದಕ್ಕಾಗಿ ಕೊರಗುತ್ತ ಕೂರಲಿಲ್ಲ. ೧೯೫೮ರ ದೀಪಾವಳಿಯ ಮರುವಾರ ಕಾರ್ಖಾನೆಯ ಗೇಟಿನ ಹತ್ತಿರ 'ಕಾಶಮ್ಮನವರ ಖಾನಾವಳಿ' ಎಂಬ ಬೋರ್ಡು ಬಂತು. ಬೋರ್ಡಿನ ಅಕ್ಷರ ಯಾರದೆಂದು ಶಿವಮೊಗ್ಗದ ವಕೀಲರಿಗೆ ಹೇಳಬೇಕಾಗಿಲ್ಲ. ತಮಿಳು ಮಾತಾಡುವವರು, ತೆಲುಗು ಮಾತಾಡುವವರು, ಊರ ಕಡೆಯ ಹುಡುಗರು ಎಲ್ಲರೂ ಪಾಳಿಯ ಕೂಗು ಆಗುತ್ತಲೇ ಅಲ್ಲಿಗೆ ಓಡುತ್ತಾರೆ.

ಅತ್ತೆ ಕಾಶಮ್ಮನವರು ೧೯೬೪ರಲ್ಲಿ ತೀರಿಕೊಂಡರು. ಸಾಯುವ ಮುಂಚೆ ತಮ್ಮ ಬಳುವಳಿಯ ಹಂಡೆಯನ್ನು, ಅದು ತಮ್ಮದೇ ಆಗಿದ್ದರಿಂದ ಯಾರನ್ನೂ ಕೇಳದೆ, ಮೊಮ್ಮಗಳು ಭವಾನಿಗೆ ಕಳಿಸಿಕೊಟ್ಟರು. ಈಗ ಖಾನಾವಳಿಯ ಒಲೆಗಳ ಮೇಲೆ ಎರಡೂ ಹಂಡೆಗಳು ಅಕ್ಕಪಕ್ಕ ಕೂತಿವೆ. ಭವಾನಿ ಉಪಾಧ್ಯಾಯಿನಿಯಾಗಲು ಓದುತ್ತಿದ್ದಾಳೆ. ನೀರು ತೋಡುವಾಗ ಯಾವುದು ಅಜ್ಜಿಯದು, ಯಾವುದು ಅಮ್ಮನದು ಎಂದು ಅವಳು ಕೈಯಿಂದ ಮುಟ್ಟಿಯೇ ಹೇಳುತ್ತಾಳಂತೆ.

ಆ ಪ್ರಕರಣದ ನಂತರ ಷಡಕ್ಷರಪ್ಪನವರು ಒಂದು ವ್ರತ ಹಿಡಿದರು. ಮಗಳ ಮದುವೆಯ ಕರೆಯೋಲೆ ಹಿಡಿದು ಬಂದ ಪ್ರತಿ ಕಕ್ಷಿಗಾರನಿಗೂ, ಪಾತ್ರೆಯ ಮೇಲೆ ಬರೀ ಹೆಸರು ಕೊರೆಸಬೇಡ, ತಂದೆಯ ಹೆಸರು, ಊರು, ವರ್ಷ ಕೂಡ ಕೊರೆಸು ಎಂದು ಹೇಳದೆ ಬಿಡುವುದಿಲ್ಲ. ಶುಭಕಾರ್ಯದ ಹೊತ್ತಿನಲ್ಲಿ ಕೋರ್ಟಿನ ಮಾತೇ ಎಂದು ಕೆಲವರು ಮುಖ ಸಿಂಡರಿಸಿದ್ದುಂಟು. ಹೊರಟುಹೋದವರ ಬೆನ್ನಿಗೂ ಅವರು ಆ ಮಾತನ್ನು ಕೂಗಿ ಹೇಳಿದ್ದುಂಟು. ಈಗ ಸಮಿತಿಯವರು ಸಮಾರಂಭದಲ್ಲಿ ಕೊಡುವ ಬೆಳ್ಳಿತಟ್ಟೆಯ ಮೇಲೆ ಏನು ಕೊರೆಸೋಣವೆಂದು ಅವರನ್ನೇ ಕೇಳಿದಾಗ, 'ಜಟ್ಟಪ್ಪನವರ ಮಗ ಷಡಕ್ಷರಪ್ಪ, ಗುಮಾಸ್ತ, ಶಿವಮೊಗ್ಗ, ೧೯೬೮' ಎಂದು ಚೀಟಿ ಬರೆದುಕೊಟ್ಟರು. ಮೊಮ್ಮಗನಿಗೂ ತಮ್ಮ ಹೆಸರನ್ನೇ ಇಟ್ಟಿದ್ದಾರೆ, ಮುಂದೆ ತಕರಾರು ಬರಬಾರದಲ್ಲ ಎಂಬುದು ಅವರ ವಿವರಣೆ.

ನಿವೃತ್ತಿಯ ನಂತರವೂ ಬೆಳಗಿನ ಹೊತ್ತು ಆ ಜಗುಲಿಗೆ ಬಂದು, ಓದು ಬಾರದವರಿಗೆ ನೋಟೀಸು ಓದಿ ಹೇಳುತ್ತೇನೆಂದು ಅವರು ಮಾತು ಕೊಟ್ಟಿದ್ದಾರೆ. ಒಳಗೋಡೆಗೆ ಮುಖ ಮಾಡಿದ ಆ ಬೆಂಚು ಹಾಗೇ ಇರಲಿ, ಅದರ ಮೇಲೆ ಅಂಜುತ್ತ ಬಂದು ಕೂತವರು ನೆಟ್ಟಗೆ ಎದ್ದು ಹೋಗಲಿ. ಅವರ ಅಕ್ಷರದ ದುಂಡುತನ ಕೆಡದಿರಲಿ, ಕೆಟ್ಟರೂ ಅವರ ತಂದೆಯ ಕೈಯ ನಡುಕದಂತೆ ಯಾರಿಗಾದರೂ ಉಪಕಾರವಾಗಲಿ. ಶ್ರೀಯುತರಿಗೆ ದೇವರು ತುಂಬು ಆಯುಸ್ಸನ್ನೂ ಗಟ್ಟಿ ಆರೋಗ್ಯವನ್ನೂ ಕೊಡಲಿ ಎಂದು ಶಿವಮೊಗ್ಗದ ಕಕ್ಷಿಗಾರರ, ವಕೀಲರ ಮತ್ತು ಪಾತ್ರೆಯವರೆಲ್ಲರ ಪರವಾಗಿ ಈ ಬರಹ ಹಾರೈಸುತ್ತದೆ.

ಸಮಾರಂಭದ ಊಟದ ಹೊಣೆಯನ್ನು ಕಾಶಮ್ಮನವರು ಕೇಳಿ ಪಡೆದಿದ್ದಾರೆ. ಹೋದ ವಾರ ದುರ್ಗಿಗುಡಿಗೆ ಬಂದು, ಅದೇ ಬೆಂಚಿನ ಮೇಲೆ ಕೂತು, ನೀರಿಗೆ ಯಾವ ಹಂಡೆ ತರಲಿ, ಅತ್ತೆಯದೋ ತನ್ನದೋ ಎಂದು ಷಡಕ್ಷರಪ್ಪನವರನ್ನು ಕೇಳಿದರು. ಅವರು ಅತಿಥಿಗಳ ಪಟ್ಟಿಯಿಂದ ತಲೆಯೆತ್ತದೆ, "ಇಬ್ಬರು ಕಾಶಮ್ಮಂದಿರದ್ದೂ ತಗೊಂಡ್ಬಾ ತಾಯಿ, ಜನ ಜಾಸ್ತಿ ಇದಾರೆ" ಎಂದರು.